ಸರ್, ಯೀಲ್ಡ್ ಬರ್ತಾ ಇಲ್ಲ

ಲ್ಯಾಬಿಗೆ ಬಂದ ಮಕ್ಕಳು ಮೆಷಿನ್ ಮುಟ್ಟುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ. "ಸರ್, ವ್ಯಾಲ್ಯೂ ಎಷ್ಟು ಬರ್ಬೇಕು?" ಪ್ರತಿ ಬ್ಯಾಚೂ ಕೇಳುತ್ತದೆ. ಎಷ್ಟು ಬರಬೇಕು ಅಂತ ಗೊತ್ತಾದರೆ ಅಷ್ಟನ್ನು ಬರಿಸುವುದು ಕಷ್ಟವೇನಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿಕೊಂಡು ಬಂದರೆ ರೀಡಿಂಗ್ ತಾನಾಗಿ ಸಿಗುತ್ತದೆ. ಅದಕ್ಕೆ ಮೆಷಿನ್ ಬೇಡ, ಕ್ಯಾಲ್ಕುಲೇಟರ್ ಸಾಕು.

ನಾನು ಉಡುಪಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಕಲಿಸುತ್ತೇನೆ. ಥಿಯರಿ ಕ್ಲಾಸೂ ಉಂಟು, ಲ್ಯಾಬೂ ಉಂಟು. ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ನಾನು ಲ್ಯಾಬ್ ಅನ್ನುತ್ತೇನೆ, ಆದರೆ ಈಗ ಹೆಚ್ಚಿನ ಕಡೆ ನಡೆಯುವ ಲ್ಯಾಬ್‌ಗೆ ಆ ಮಾತು ಹೇಳುವುದು ಕಷ್ಟ. ಈಗ ನಡೆಯುವುದು ಹೀಗೆ: ಒಂದು ಮೆಷಿನ್ ಸುತ್ತ ಹದಿನೈದೋ ಇಪ್ಪತ್ತೋ ಮಕ್ಕಳು, ಮುಂದೆ ನಿಂತ ಇಬ್ಬರು ಹ್ಯಾಂಡಲ್ ತಿರುಗಿಸುತ್ತಾರೆ, ಒಬ್ಬ ರೀಡಿಂಗ್ ಕೂಗುತ್ತಾನೆ, ಉಳಿದವರು ಬರೆದುಕೊಳ್ಳುತ್ತಾರೆ, ಹಿಂದೆ ನಿಂತವರಿಗೆ ಅದೂ ಕೇಳುವುದಿಲ್ಲ, ಅವರು ಸಂಜೆ ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಳ್ಳುತ್ತಾರೆ. ಮರುದಿನ ಎಲ್ಲರ ರೆಕಾರ್ಡೂ ನೀಟಾಗಿರುತ್ತದೆ. ಗ್ರಾಫ್‌ಗಳೂ ಒಂದೇ ಥರ.

ಪುಸ್ತಕ ಸರಿ ಅಂತ ಸಾಬೀತು ಮಾಡುವುದಕ್ಕೆ ಕಾಲೇಜು ಲಕ್ಷಗಟ್ಟಲೆ ಕೊಟ್ಟು ಮೆಷಿನ್ ತರಬೇಕಾಗಿಲ್ಲ. ಪುಸ್ತಕ ಸರಿಯೇ ಇದೆ. ಪುಸ್ತಕದಂತೆ ಬಾರದ ರೀಡಿಂಗ್ ಎದುರಿಗೆ ನಿಂತಾಗ ಏನು ಮಾಡಬೇಕು ಅಂತ ಕಲಿಯುವ ಜಾಗ ನಾಲ್ಕು ವರ್ಷದ ಕೋರ್ಸಿನಲ್ಲಿ ಲ್ಯಾಬ್ ಒಂದೇ. ಆ ಜಾಗವನ್ನೂ ಕಳೆದುಕೊಂಡರೆ ಮತ್ತೆ ಎಲ್ಲಿ ಕಲಿಸುವುದು?

ಒಂದು ಉದಾಹರಣೆ ಕೊಡುತ್ತೇನೆ. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ ಟೆನ್ಸೈಲ್ ಟೆಸ್ಟ್ ಎಲ್ಲರಿಗೂ ಇರುತ್ತದೆ. ಮೈಲ್ಡ್ ಸ್ಟೀಲ್ ಸರಳನ್ನು ಯುಟಿಎಂನಲ್ಲಿ, ಅಂದರೆ ಲೋಹವನ್ನು ಎಳೆದು ಅದರ ಬಲ ಅಳೆಯುವ ಮೆಷಿನಿನಲ್ಲಿ, ಕಚ್ಚಿಸಿ ಎಳೆಯುವುದು. ಪುಸ್ತಕದ ಪ್ರಕಾರ ಲೋಡ್ ಏರುತ್ತಾ ಹೋಗಿ ಒಂದು ಕಡೆ ಡಯಲಿನ ಮುಳ್ಳು ನಿಲ್ಲಬೇಕು, ಸ್ವಲ್ಪ ಹಿಂದಕ್ಕೂ ಬೀಳಬೇಕು. ಅದೇ ಯೀಲ್ಡ್ ಪಾಯಿಂಟ್, ಬಿಟ್ಟರೂ ಹಳೇ ಉದ್ದಕ್ಕೆ ಮರಳದ ಹಾಗೆ ಸರಳು ಹಿಗ್ಗಲು ಶುರುವಾಗುವ ಜಾಗ. ಆಮೇಲೆ ಮತ್ತೆ ಏರಿ, ಸರಳಿನ ನಡುವೆ ಸೊಂಟ ಸಣ್ಣಗಾಗಿ, ಢಬ್ ಅಂತ ತುಂಡಾಗಬೇಕು.

ಕಳೆದ ವರ್ಷ ಒಂದು ಬ್ಯಾಚಿನಲ್ಲಿ ಮುಳ್ಳು ನಿಲ್ಲಲೇ ಇಲ್ಲ. ಸೀದಾ ಏರಿತು, ಏರಿದ ಮೇಲೆ ತುಂಡಾಯಿತು.

"ಸರ್, ಯೀಲ್ಡ್ ಬರ್ತಾ ಇಲ್ಲ. ಮೆಷಿನ್ ಹಾಳಾಗಿದೆಯಾ ಅಂತ."

ಇನ್ನೊಬ್ಬ ಆಗಲೇ ಮೊಬೈಲ್ ತೆಗೆದಿದ್ದ. "ಸೀನಿಯರ್ ರೆಕಾರ್ಡಲ್ಲಿ ಉಂಟು ಸರ್, ಅದನ್ನೇ ಹಾಕ್ಲಾ?"

ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಏನೂ ಮಾತಾಡದೆ ತುಂಡಾದ ಸರಳನ್ನು ಎತ್ತಿಕೊಂಡು, ಹಿಡಿಕೆಗೆ ಸಿಕ್ಕಿಕೊಂಡಿದ್ದ ತುದಿಯನ್ನು ಬಟ್ಟೆಯಿಂದ ಒರೆಸಿ, ಹುಡುಗನ ಕೈಗೆ ಕೊಟ್ಟು ಕೇಳಿದರು: "ಇದರ ಬಣ್ಣ ನೋಡು ಮಾರಾಯ. ಎಂತ ಕಾಣ್ತದೆ?" ಹೊಳೆಯುತ್ತಿತ್ತು. ಮಾಮೂಲಿ ಬಿಸಿ ರೋಲ್ ಮಾಡಿದ ಸರಳಿಗೆ ಕಪ್ಪು ಸಿಪ್ಪೆಯಂಥ ಪದರ ಇರುತ್ತದೆ. ಇದಕ್ಕೆ ಇರಲಿಲ್ಲ. ಅಂಗಡಿಯಿಂದ ಈ ಸಲ ಬಂದದ್ದು ಬ್ರೈಟ್ ಬಾರ್. ಅಂದರೆ ತಣ್ಣಗಿರುವಾಗಲೇ ಡೈ ಮೂಲಕ ಎಳೆದು ಸಪೂರ ಮಾಡಿದ ಸರಳು. ಬಿಲ್ಲಿನಲ್ಲಿ ಎರಡಕ್ಕೂ ಎಂಎಸ್ (ಮೈಲ್ಡ್ ಸ್ಟೀಲ್) ಅಂತಲೇ ಬರೆಯುತ್ತಾರೆ.

ಆ ದಿನ ರೆಕಾರ್ಡಿಗೆ ಏನನ್ನೂ ಬರೆಸಲಿಲ್ಲ. ಅದೇ ಸರಳಿನ ಇನ್ನೊಂದು ತುಂಡನ್ನು ಮಫಲ್ ಫರ್ನೇಸಿನಲ್ಲಿ ಸುಮಾರು 900 ಡಿಗ್ರಿಗೆ ಕಾಯಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಫರ್ನೇಸ್ ಆಫ್ ಮಾಡಿ ಒಳಗೇ ತಣಿಯಲು ಬಿಟ್ಟೆವು. ಮುಂದಿನ ವಾರ ಅದೇ ಬ್ಯಾಚ್, ಅದೇ ಮೆಷಿನ್. ಈ ಸಲ ಹಿಂದೆ ನಿಲ್ಲುವವರೂ ಮುಂದೆ ಬಂದಿದ್ದರು. ಮುಳ್ಳು ಏರಿತು, ನಿಂತಿತು, ಸಣ್ಣಗೆ ನಡುಗಿ ಹಿಂದಕ್ಕೆ ಬಿತ್ತು. ಲೋಡ್ ಏರದಿದ್ದರೂ ಸರಳು ಉದ್ದವಾಗುತ್ತಲೇ ಇತ್ತು. ಒಂದು ಮುಳ್ಳು ನಡುಗಿದ್ದಕ್ಕೆ ಕ್ಲಾಸ್ ಹಾಗೆ ಕೂಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಪ್ರಶ್ನೆಗಳು ಶುರು. ಗರಿಷ್ಠ ಲೋಡ್ ಯಾಕೆ ಕಡಿಮೆ ಬಂತು? ಉದ್ದ ಯಾಕೆ ಜಾಸ್ತಿ ಆಯಿತು? ತುಂಡಾದ ಜಾಗ ಮುಟ್ಟಿದರೆ ಬಿಸಿ ಯಾಕೆ? ಕಬ್ಬಿಣದ ಹರಳುಗಳೊಳಗೆ ಪರಮಾಣುಗಳ ಸಾಲು ತಪ್ಪಿದ ಜಾಗಗಳಿರುತ್ತವೆ, ಅವೇ ಡಿಸ್‌ಲೊಕೇಶನ್‌ಗಳು. ಕಾರ್ಬನ್, ನೈಟ್ರೋಜನ್ ಪರಮಾಣುಗಳು ಅಲ್ಲಿಗೆ ಹೋಗಿ ಕೂತು ಅವು ಕದಲದಂತೆ ಹಿಡಿದಿರುತ್ತವೆ. ಎಳೆತ ಒಂದು ಮಿತಿ ದಾಟಿದಾಗ ಡಿಸ್‌ಲೊಕೇಶನ್‌ಗಳು ಒಮ್ಮೆಲೇ ಬಿಡಿಸಿಕೊಂಡು ಓಡುತ್ತವೆ. ಮುಳ್ಳು ಹಿಂದಕ್ಕೆ ಬೀಳುವುದು ಆಗಲೇ. ಡೈ ಮೂಲಕ ತಣ್ಣಗೆ ಎಳೆದ ಸರಳಿನಲ್ಲಿ ಈ ಬಿಡುಗಡೆ ಫ್ಯಾಕ್ಟರಿಯಲ್ಲೇ ಮುಗಿದುಹೋಗಿರುತ್ತದೆ. ಕಾಯಿಸಿ ನಿಧಾನ ತಣಿಸಿದರೆ ಮತ್ತೆ ಮೊದಲಿನ ಸ್ಥಿತಿ. ಇದೆಲ್ಲ ಥಿಯರಿ ಕ್ಲಾಸಿನಲ್ಲಿ ಹೇಳಿದ್ದೇ. ಆಗ ಯಾರೂ ತಲೆ ಎತ್ತಿರಲಿಲ್ಲ. ಯೀಲ್ಡ್ ಸ್ಪಷ್ಟವಾಗಿ ಕಾಣದ ಲೋಹಕ್ಕೆ 0.2 ಶೇಕಡಾ ಪ್ರೂಫ್ ಸ್ಟ್ರೆಸ್ ಅಂತ ಒಂದು ಲೆಕ್ಕ ಯಾಕೆ ಬೇಕಾಯಿತು ಅಂತ ಆ ದಿನ ಅವರೇ ಕೇಳಿದರು, ನಾನು ಹೇಳಬೇಕಾಗಿ ಬರಲಿಲ್ಲ.

ಆ ಹುಡುಗ ಸೀನಿಯರ್ ರೆಕಾರ್ಡಿನ ವ್ಯಾಲ್ಯೂ ಹಾಕಿದ್ದರೆ ಇಷ್ಟೂ ಹೋಗುತ್ತಿತ್ತು. ಅವನನ್ನು ಬೈದು ಪ್ರಯೋಜನವಿಲ್ಲ. ನಾವು ಮಾರ್ಕ್ಸ್ ಕೊಡುವುದು ಯಾವುದಕ್ಕೆ ಅಂತ ಅವನಿಗೆ ಮೊದಲ ಸೆಮಿಸ್ಟರಿನಲ್ಲೇ ಅರ್ಥವಾಗಿದೆ.

ಇಂಜಿನಿಯರಿಂಗಿಗೆ ಲ್ಯಾಬ್ ಅನ್ನುವುದು ಮೊದಲಿನಿಂದಲೂ ಇದ್ದ ಪದ್ಧತಿಯಲ್ಲ. ಬ್ರಿಟನ್ನಿನಲ್ಲಿ ಬಹಳ ಕಾಲ ಇಂಜಿನಿಯರ್ ಆಗಬೇಕಾದವನು ಯಾವುದೋ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರುತ್ತಿದ್ದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಕೆನೆಡಿ 1878ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಒಂದು ಇಂಜಿನಿಯರಿಂಗ್ ಲ್ಯಾಬ್ ಶುರು ಮಾಡಿದರು. ಅದೇ ಊರಿನ ಸೌತ್‌ವಾರ್ಕ್‌ನಲ್ಲಿ ಡೇವಿಡ್ ಕಿರ್ಕಾಲ್ಡಿ ಅನ್ನುವವರು 1860ರ ದಶಕದಿಂದಲೇ ಒಂದು ದೊಡ್ಡ ಟೆಸ್ಟಿಂಗ್ ಮೆಷಿನ್ ಇಟ್ಟುಕೊಂಡು ಯಾರು ತಂದ ಲೋಹವಾದರೂ ಎಳೆದು, ಮುರಿದು ವರದಿ ಕೊಡುತ್ತಿದ್ದರು. ಅವರ ಕಟ್ಟಡದ ಬಾಗಿಲ ಮೇಲೆ ಕೆತ್ತಿಸಿದ ಮಾತು: ಅಭಿಪ್ರಾಯ ಬೇಡ, ಸಂಗತಿ ಬೇಕು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸ್ಕಾಟ್ಲೆಂಡಿನ ಟೇ ನದಿಯ ರೈಲ್ವೆ ಸೇತುವೆ ರೈಲಿನ ಸಮೇತ ಬಿದ್ದಾಗ, ಅದರ ಕಬ್ಬಿಣದ ತುಂಡುಗಳು ಪರೀಕ್ಷೆಗೆ ಬಂದದ್ದು ಕಿರ್ಕಾಲ್ಡಿ ಹತ್ತಿರ. ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ವಿಷಯ ನಾನು ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ) ಕ್ಲಾಸಿನಲ್ಲಿ ತಪ್ಪದೆ ಹೇಳುತ್ತೇನೆ. ಆ ಸೇತುವೆಯ ಕಂಬಗಳ ಎರಕದಲ್ಲಿ ಗಾಳಿಗುಳ್ಳೆಯಿಂದ ಆದ ತೂತುಗಳಿಗೆ ಜೇನುಮೇಣ, ಕಬ್ಬಿಣದ ಪುಡಿ ಎಲ್ಲ ಕಲಸಿದ ಪೇಸ್ಟ್ ತುಂಬಿ, ಉಜ್ಜಿ, ಗೊತ್ತಾಗದ ಹಾಗೆ ಮಾಡುತ್ತಿದ್ದರಂತೆ. ಕಂಬ ನೋಡಲು ಚೆನ್ನಾಗಿರುತ್ತಿತ್ತು. ಬೇರೆಯವರ ರೀಡಿಂಗ್ ತುಂಬಿದ ರೆಕಾರ್ಡ್ ಕೈಗೆ ಬಂದಾಗಲೆಲ್ಲ ನನಗೆ ಈ ಮೇಣ ನೆನಪಾಗುತ್ತದೆ.

ಫೌಂಡ್ರಿ ಅಂದ ಮೇಲೆ ನಮ್ಮೂರಿನ ಮಳೆಯ ಮಾತು ಬರಲೇಬೇಕು. ಜೂನ್ ಬಂತೆಂದರೆ ಮಂಗಳೂರು ಉಡುಪಿಯಲ್ಲಿ ಯಾವುದೂ ಒಣಗುವುದಿಲ್ಲ, ಮೋಲ್ಡಿಂಗ್ ಮರಳೂ ಒಣಗುವುದಿಲ್ಲ. ಹಸಿ ಮರಳಿನ ಅಚ್ಚಿಗೆ ಸ್ವಲ್ಪ ತೇವ ಬೇಕೇ ಬೇಕು, ಆದರೆ ಜಾಸ್ತಿಯಾದರೆ ಕಾದ ಲೋಹ ಸುರಿದ ಕೂಡಲೇ ನೀರು ಆವಿಯಾಗಿ ಹೊರಹೋಗಲು ದಾರಿ ಸಿಗದೆ ಲೋಹದೊಳಗೇ ಉಳಿಯುತ್ತದೆ. ಅದೇ ಗಾಳಿಗುಳ್ಳೆ. ಫೆಬ್ರವರಿಯಲ್ಲಿ ಸರಿ ಬಂದ ಎರಕ ಅದೇ ಅಳತೆಯ ನೀರು ಹಾಕಿದರೂ ಜುಲೈಯಲ್ಲಿ ತೂತು ತೂತು. ವೆಲ್ಡಿಂಗ್ ರಾಡ್‌ಗಳದ್ದೂ ಇದೇ ಕಥೆ. ಪೊಟ್ಟಣ ತೆರೆದು ಹೊರಗಿಟ್ಟರೆ ಮೇಲಿನ ಲೇಪ ನೀರು ಕುಡಿಯುತ್ತದೆ, ಆ ನೀರಿನ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ, ಬೆಸುಗೆ ಆಮೇಲೆ ಬಿರುಕು ಬಿಡಬಹುದು. ಅಳತೆ ಕಲಿಸುವ ಮೆಟ್ರಾಲಜಿ ಲ್ಯಾಬಿನಲ್ಲಿ ಸ್ಲಿಪ್ ಗೇಜ್‌ಗಳನ್ನು, ಅಂದರೆ ಒಂದಕ್ಕೊಂದು ಅಂಟಿಸಿ ಅಳತೆ ಹೊಂದಿಸುವ ನುಣುಪು ಉಕ್ಕಿನ ತುಂಡುಗಳನ್ನು, ಬರಿಗೈಯಲ್ಲಿ ಮುಟ್ಟಿ, ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚದೆ ಹಾಗೇ ಡಬ್ಬಿಗೆ ಹಾಕಿದರೆ ಈ ಉಪ್ಪು ಗಾಳಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ. ಅಷ್ಟಾದರೆ ಆ ಗೇಜ್ ಇನ್ನೊಂದಕ್ಕೆ ಅಂಟುವುದಿಲ್ಲ, ಅದರ ಅಳತೆ ನಂಬುವ ಹಾಗೂ ಇಲ್ಲ.

ಮ್ಯಾನುಯಲ್‌ಗಳನ್ನು ಯಾವುದೋ ಒಣ ಊರಿನಲ್ಲಿ ಕೂತು ಬರೆದ ಹಾಗೆ ಇರುತ್ತದೆ. ಕರಾವಳಿಯ ಮಳೆಯನ್ನೇ ಒಂದು ಪ್ರಯೋಗವಾಗಿ ಯಾಕೆ ಮಾಡಬಾರದು? ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಎಂಆರ್‌ಪಿಎಲ್ ರಿಫೈನರಿಯಲ್ಲೋ, ಬಂದರಿನಲ್ಲೋ, ಬೈಕಂಪಾಡಿಯ ವರ್ಕ್‌ಶಾಪಿನಲ್ಲೋ, ಇಲ್ಲ ಗಲ್ಫಿನ ಯಾವುದೋ ಸಮುದ್ರ ದಂಡೆಯಲ್ಲೋ ಕೆಲಸ ಮಾಡುವವರು. ಉಪ್ಪು ಗಾಳಿ ಲೋಹಕ್ಕೆ ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಿರದಿದ್ದರೆ ಯಾರಿಗೆ ಗೊತ್ತಿರಬೇಕು?

ಫ್ಲೂಯಿಡ್ಸ್ ಲ್ಯಾಬಿನದ್ದು ಇನ್ನೊಂದು. ರೆನಾಲ್ಡ್ಸ್ ಪ್ರಯೋಗ. ಗಾಜಿನ ಕೊಳವೆಯಲ್ಲಿ ನೀರು, ಅದರ ನಡುವೆ ಬಣ್ಣದ ಸಣ್ಣ ಎಳೆ. ನಿಧಾನಕ್ಕೆ ಹರಿಯುವಾಗ ಎಳೆ ನೇರ, ವೇಗ ಏರಿದ ಹಾಗೆ ಅದು ಬಳುಕಿ, ಒಡೆದು, ನೀರೆಲ್ಲ ಗುಲಾಬಿ. ಆಸ್ಬೋರ್ನ್ ರೆನಾಲ್ಡ್ಸ್ ಮ್ಯಾಂಚೆಸ್ಟರಿನಲ್ಲಿ ಇದನ್ನು ಮಾಡಿ 1883ರಲ್ಲಿ ಪ್ರಕಟಿಸಿದರು. ಎಳೆ ಒಡೆಯುವ ಹೊತ್ತಿನ ರೆನಾಲ್ಡ್ಸ್ ಸಂಖ್ಯೆ (ನೀರಿನ ವೇಗ, ಕೊಳವೆಯ ಅಗಲ, ನೀರಿನ ಜಿಗುಟುತನ ಸೇರಿಸಿ ಮಾಡುವ ಲೆಕ್ಕ) ಪುಸ್ತಕದಲ್ಲಿ 2000ದಿಂದ 2300, ಮಕ್ಕಳಿಗೆ ಕೆಲವೊಮ್ಮೆ ಮೂರು ಸಾವಿರದ ಮೇಲೆ ಬರುತ್ತದೆ, ಅವರು 2300 ಬರೆಯುತ್ತಾರೆ. ನೀರನ್ನು ಅಲುಗಾಡದೆ ಬಿಟ್ಟು ಬಹಳ ಜೋಪಾನವಾಗಿ ಮಾಡಿದಾಗ ರೆನಾಲ್ಡ್ಸ್‌ಗೆ ಸುಮಾರು 13,000ದ ತನಕವೂ ಎಳೆ ಒಡೆದಿರಲಿಲ್ಲ. ಮುಂದೆ ಅದೇ ಉಪಕರಣದಲ್ಲಿ ಮಾಡಿ ನೋಡಿದಾಗ ಅಷ್ಟು ಬರಲಿಲ್ಲ, ಯಾಕೆಂದರೆ ಮ್ಯಾಂಚೆಸ್ಟರಿನ ರಸ್ತೆಯಲ್ಲಿ ಗಾಡಿಗಳು ಹೆಚ್ಚಾಗಿ ನೆಲವೇ ನಡುಗುತ್ತದೆ. ನಮ್ಮ ಕಾಲೇಜಿನ ಪಕ್ಕದಲ್ಲಿ ಹೆದ್ದಾರಿ 66 ಇದೆ. ಲಾರಿ ಹೋದಾಗ ಬಣ್ಣದ ಎಳೆ ನಡುಗುತ್ತದಾ ಅಂತ ನೋಡಲು ಹೇಳಿದರೆ ಮಕ್ಕಳು ಕಿಟಕಿಯನ್ನೂ ಕೊಳವೆಯನ್ನೂ ಒಟ್ಟಿಗೆ ನೋಡಲು ಶುರು ಮಾಡುತ್ತಾರೆ. ಮೂರು ಸಾವಿರ ಚಿಲ್ಲರೆ ತಪ್ಪು ಉತ್ತರ ಅಲ್ಲ, ಅದು ಆ ದಿನದ, ಆ ಟೇಬಲಿನ, ಆ ನೀರಿನ ಉತ್ತರ.

ಪೆಲ್ಟನ್ ಚಕ್ರದ, ಅಂದರೆ ನೀರಿನ ಜೋರು ಧಾರೆ ಬಡಿದು ತಿರುಗುವ ಟರ್ಬೈನಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದೇ ಮಾತು, ಲ್ಯಾಬಿನ ಪುಟ್ಟ ಚಕ್ರ ತೋರಿಸಿದ ಮೇಲೆ ಸಾಧ್ಯವಾದರೆ ಮಕ್ಕಳನ್ನು ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕೆ ಕರೆದುಕೊಂಡು ಹೋಗಿ. ತಲಾ 115 ಮೆಗಾವಾಟಿನ ನಾಲ್ಕು ಯೂನಿಟ್, ಅಲ್ಲಿರುವುದೂ ಪೆಲ್ಟನ್ ಚಕ್ರಗಳೇ. ನಮ್ಮ ಜಿಲ್ಲೆಯಲ್ಲೇ ಉಂಟು, ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕೈ ಕೆಲಸದ ವಿಷಯಕ್ಕೆ ಬರುತ್ತೇನೆ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ನೇರ ಸೇರುವ ಮಕ್ಕಳಿದ್ದಾರಲ್ಲ, ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್‌ನಂಥ ಕಡೆಯಿಂದ ಬರುವವರು, ಅವರನ್ನು ಲೇತ್ ಮುಂದೆ ನಿಲ್ಲಿಸಿದರೆ ವ್ಯತ್ಯಾಸ ಕಾಣುತ್ತದೆ. ಟೂಲ್ ಸೆಂಟರ್ ಎತ್ತರಕ್ಕೆ ಬಂದಿದೆಯಾ ಅಂತ ಮೊದಲು ನೋಡುತ್ತಾರೆ. ಲೋಹದ ತುಂಡನ್ನು ಬಿಗಿಯುವ ಚಕ್ ಕೀ ತೆಗೆಯದೆ ಸ್ವಿಚ್ ಹತ್ತಿರ ಕೈ ಹೋಗುವುದಿಲ್ಲ. ಕತ್ತರಿಸುವ ಶಬ್ದ ಬದಲಾದರೆ ಫೀಡ್ ಕಡಿಮೆ ಮಾಡುತ್ತಾರೆ. ಗಣಿತದಲ್ಲಿ ಇವರೇ ಹಿಂದೆ ಬೀಳುತ್ತಾರೆ, ಕ್ಲಾಸಿನಲ್ಲಿ ಮಾತಾಡಲು ಹೆದರುತ್ತಾರೆ. ಪಿಯುಸಿಯಿಂದ ಬಂದವರನ್ನೂ ಇವರನ್ನೂ ಒಂದೇ ಗುಂಪಿಗೆ ಹಾಕಬೇಕು ಅನ್ನುವುದು ನನ್ನ ಹಠ. ಒಬ್ಬ ಲೆಕ್ಕ ಹೇಳಿಕೊಡುತ್ತಾನೆ, ಇನ್ನೊಬ್ಬ ಅರ ಹಿಡಿಯುವುದು ಹೇಗೆ ಅಂತ ತೋರಿಸುತ್ತಾನೆ.

ಇನ್ನೊಂದು ಹಠ. ಯಾವ ಲ್ಯಾಬಿಗೆ ಹೋದರೂ ಹುಡುಗಿಯರ ಕೈಯಲ್ಲಿ ಪೆನ್ನು, ಹುಡುಗರ ಕೈಯಲ್ಲಿ ಸ್ಪ್ಯಾನರ್. ಯಾರೂ ಹೇಳಿ ಮಾಡಿಸಿದ್ದಲ್ಲ, ತನ್ನಷ್ಟಕ್ಕೆ ಹಾಗಾಗುತ್ತದೆ. "ನೀನು ಬರಿ, ನಿನ್ನ ಅಕ್ಷರ ಚೆನ್ನಾಗುಂಟು" ಅನ್ನುತ್ತಾರೆ. ಮೆಕ್ಯಾನಿಕಲ್‌ಗೆ ಬರುವ ಹುಡುಗಿಯರೇ ಕಡಿಮೆ, ಮನೆಯಲ್ಲಿ ವಾದ ಮಾಡಿ ಬಂದವರು. ಅವರನ್ನು ನಾಲ್ಕು ವರ್ಷ ಗುಮಾಸ್ತಿಕೆ ಮಾಡಿಸಿ ಕಳಿಸಿದರೆ ನಮಗೆ ನಾಚಿಕೆಯಾಗಬೇಕು. ಈಗ ನಮ್ಮ ಲ್ಯಾಬಿನಲ್ಲಿ ಬರೆಯುವ ಕೆಲಸ ಪ್ರತಿ ವಾರ ಬದಲಾಗುತ್ತದೆ, ಯಾರು ಅಂತ ನಾನು ಹೇಳುತ್ತೇನೆ.

ಕೋವಿಡ್ ಸಮಯದಲ್ಲಿ ಲ್ಯಾಬ್ ಎಲ್ಲ ಸ್ಕ್ರೀನಿಗೆ ಹೋಯಿತು. ಕೇಂದ್ರ ಸರಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆ ಅದಕ್ಕೂ ಮೊದಲಿನದು, ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯೂ ಅದರಲ್ಲಿ ಪಾಲುದಾರ. ಅದನ್ನು ನಾನು ಬೇಡ ಅನ್ನುವವನಲ್ಲ. ಲ್ಯಾಬಿಗೆ ಬರುವ ಹಿಂದಿನ ರಾತ್ರಿ ಒಮ್ಮೆ ಮಾಡಿ ಬಂದರೆ ಮೆಷಿನ್ ಮುಂದೆ ಸಮಯ ಉಳಿಯುತ್ತದೆ. ಆದರೆ ಸ್ಕ್ರೀನಿನ ಯುಟಿಎಂ ಯಾವತ್ತೂ ಬ್ರೈಟ್ ಬಾರ್ ಕೊಡುವುದಿಲ್ಲ. ಅಲ್ಲಿನ ಡೀಸೆಲ್ ಇಂಜಿನ್ ಬೆಲ್ಟ್ ಸುಟ್ಟ ವಾಸನೆ ಬರುವುದಿಲ್ಲ, ಲೋಡ್ ಹಾಕಿದಾಗ ಶಬ್ದ ಭಾರವಾಗುವುದಿಲ್ಲ. 2002ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇಂಜಿನಿಯರಿಂಗ್ ಅಧ್ಯಾಪಕರು ಸೇರಿ ಲ್ಯಾಬ್‌ನಿಂದ ವಿದ್ಯಾರ್ಥಿ ಏನು ಕಲಿಯಬೇಕು ಅಂತ 13 ಗುರಿಗಳ ಪಟ್ಟಿ ಮಾಡಿದ್ದರು. ಅದರಲ್ಲಿ ವೈಫಲ್ಯದಿಂದ ಕಲಿಯುವುದು ಇದೆ, ಕಂಡದ್ದನ್ನು ಕಂಡ ಹಾಗೆ ವರದಿ ಮಾಡುವ ಪ್ರಾಮಾಣಿಕತೆ ಇದೆ, ಕಣ್ಣು ಕಿವಿ ಮೂಗನ್ನು ಬಳಸಿ ಮಾಹಿತಿ ತಿಳಿಯುವುದೂ ಇದೆ. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್‌ಗೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾದ ಮೇಲೆ ನಾವೂ, ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎಯ ಫೈಲಿಗಾಗಿ ಇಂಥ ಗುರಿಗಳನ್ನು ಕೋಷ್ಟಕದಲ್ಲಿ ತುಂಬಿಸುತ್ತೇವೆ. ಕೋಷ್ಟಕ ತುಂಬಿದಷ್ಟು ಗಮನ ಮಗುವಿನ ಮೂಗಿಗೆ, ಕಿವಿಗೆ ಕೊಡಬೇಕಲ್ವಾ?

ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹೊಸ ಸ್ಕೀಮ್‌ಗಳಲ್ಲಿ ಕೆಲವು ಲ್ಯಾಬ್‌ಗಳನ್ನು ಥಿಯರಿ ವಿಷಯದ ಜತೆಗೇ ಸೇರಿಸಿದೆ. ಅವುಗಳಿಗೆ ಸೆಮಿಸ್ಟರ್ ಕೊನೆಯಲ್ಲಿ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇಲ್ಲ, ಲ್ಯಾಬಿನ ಅಂಕ ಎಲ್ಲ ಇಂಟರ್ನಲ್. ನನ್ನ ಜತೆಯವರಲ್ಲಿ ಹಲವರಿಗೆ ಇದು ಬೇಸರ. ಎಕ್ಸ್‌ಟರ್ನಲ್ ಬರುವುದಿಲ್ಲ ಅಂದರೆ ಮಕ್ಕಳು ತಲೆಗೆ ಹಾಕಿಕೊಳ್ಳುವುದಿಲ್ಲ ಅನ್ನುತ್ತಾರೆ. ಅದರಲ್ಲೂ ಸತ್ಯ ಇದೆ. ಆದರೆ ನಾನು ಇದನ್ನು ಒಳ್ಳೆಯ ಅವಕಾಶ ಅಂತಲೇ ನೋಡುತ್ತೇನೆ. ಹೊರಗಿನ ಪರೀಕ್ಷಕರು ಅರ್ಧ ದಿನದಲ್ಲಿ ಇಡೀ ಬ್ಯಾಚ್ ಮುಗಿಸಬೇಕು, ಅವರಿಗೆ ನೋಡಲು ಸಿಗುವುದು ಕೊನೆಯ ಉತ್ತರ ಮಾತ್ರ. ಅಂಕ ನಮ್ಮ ಕೈಯಲ್ಲೇ ಇದ್ದರೆ ಉತ್ತರಕ್ಕೆ ಕಡಿಮೆ ಕೊಟ್ಟು, ಅದು ಯಾಕೆ ಹಾಗೆ ಬಂತು ಅನ್ನುವುದಕ್ಕೆ ಜಾಸ್ತಿ ಕೊಡಬಹುದು. ನಾನು ಈಗ ಹಾಗೆ ಮಾಡುತ್ತಿದ್ದೇನೆ. ರೀಡಿಂಗ್ ಪೆನ್ನಿನಲ್ಲೇ ಬರೆಯಬೇಕು, ಹೊಡೆದು ಹಾಕಿದ್ದು ಕಾಣುತ್ತಿರಬೇಕು. ಮೆಷಿನ್ ಶುರು ಮಾಡುವ ಮೊದಲು ತಮ್ಮ ಅಂದಾಜು ಬರೆಯಬೇಕು, ಅದು ತಪ್ಪಾದರೆ ಅಂಕ ಹೋಗುವುದಿಲ್ಲ. ಪ್ರಯೋಗಗಳ ಪಟ್ಟಿ ಪೂರ್ತಿ ಮುಗಿಯಲೇಬೇಕು ಅನ್ನುವ ಒತ್ತಡ ಇದ್ದೇ ಇದೆ, ಆದರೂ ಒಂದೆರಡನ್ನು ಎರಡು ವಾರ ಎಳೆಯುತ್ತೇನೆ. ಬೇರೆಯದು ಸ್ವಲ್ಪ ಓಡುತ್ತದೆ.

ಇದೆಲ್ಲ ಇನ್‌ಸ್ಟ್ರಕ್ಟರ್‌ಗಳಿಲ್ಲದೆ ಆಗುವ ಕೆಲಸವಲ್ಲ. ಬ್ರೈಟ್ ಬಾರ್ ಅಂತ ಕಣ್ಣಲ್ಲೇ ಗುರುತಿಸಿದವರು ನಾನಲ್ಲ, ಅವರು. ಇಂಜಿನ್ ಸ್ಟಾರ್ಟ್ ಆಗುವ ಶಬ್ದದಲ್ಲೇ ಇಂಜೆಕ್ಟರ್ ಕೈಕೊಟ್ಟಿದೆ ಅನ್ನುವವರು, ಹಳೇ ಲೇತಿನ ಹ್ಯಾಂಡಲಿನಲ್ಲಿ ಎಷ್ಟು ಆಟ ಇದೆ ಅಂತ ಗೊತ್ತಿರುವವರು. ಅವರು ನಿವೃತ್ತರಾದರೆ ಆ ಜಾಗಕ್ಕೆ ಹೊಸಬರು ಬೇಗ ಬರುವುದಿಲ್ಲ, ಬಂದರೂ ಸಂಬಳ ನೋಡಿ ನಿಲ್ಲುವುದಿಲ್ಲ. ಲ್ಯಾಬ್ ಚೆನ್ನಾಗಿರಬೇಕು ಅಂತ ಹೇಳುವ ಆಡಳಿತದವರು ಮೊದಲು ನೋಡಬೇಕಾದದ್ದು ಇವರ ಸಂಬಳದ ಚೀಟಿಯನ್ನು. ಹೊಸ ಮೆಷಿನ್ ಆಮೇಲೆ ತಂದರೂ ನಡೆಯುತ್ತದೆ.

ಬರುವ ಮಳೆಗಾಲಕ್ಕೆ ಒಂದು ಕೆಲಸ ಹಾಕಿಕೊಂಡಿದ್ದೇವೆ. ಒಂದೇ ಪೊಟ್ಟಣದ ವೆಲ್ಡಿಂಗ್ ರಾಡ್‌ಗಳಲ್ಲಿ ಕೆಲವನ್ನು ಹೊರಗೆ ಬಿಟ್ಟು, ಕೆಲವನ್ನು ಓವನ್‌ನಲ್ಲಿ ಒಣಗಿಸಿ, ಎರಡರಿಂದಲೂ ಬೆಸೆದು, ಬಗ್ಗಿಸಿ ನೋಡುವುದು. ಅದರ ಜತೆ ತುಂಡಾದ ಬಿಡಿಭಾಗಗಳನ್ನು ಸೇರಿಸುತ್ತಿದ್ದೇವೆ. ಮಲ್ಪೆಯ ಬೋಟುಗಳ ಪ್ರೊಪೆಲ್ಲರ್ ಶಾಫ್ಟ್ ಕೀ ಕೂರುವ ತೋಡಿನ ಮೂಲೆಯಿಂದ ಬಿರುಕು ಬಿಟ್ಟು ತುಂಡಾಗುವುದುಂಟು, ಅದರ ಮುಖದಲ್ಲಿ ಬಿರುಕು ಎಲ್ಲಿ ಶುರುವಾಗಿ ಹೇಗೆ ಸರಿಯಿತು ಅನ್ನುವುದು ಗೆರೆ ಗೆರೆಯಾಗಿ ಕಾಣುತ್ತದೆ. ಅಂಥದ್ದು ಮಕ್ಕಳ ಕೈಗೆ ಸಿಗಬೇಕು. ಮಲ್ಪೆ, ಬೈಕಂಪಾಡಿ, ಮಣಿಪಾಲದ ಕಡೆ ವರ್ಕ್‌ಶಾಪ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುರಿದ ಶಾಫ್ಟ್, ಹಲ್ಲು ಹೋದ ಗೇರ್, ಬಿರುಕು ಬಿಟ್ಟ ಎರಕ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮುರಿದ ಮುಖವನ್ನು ಉಜ್ಜಬೇಡಿ, ಸ್ವಲ್ಪ ಎಣ್ಣೆ ಸವರಿ ಕಾಗದ ಸುತ್ತಿಡಿ. ಗುಜರಿಯವನು ಕೊಡುವ ದುಡ್ಡು ನಾವೇ ಕೊಟ್ಟು, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ. ಅದು ಎಷ್ಟು ವರ್ಷ ಓಡಿತ್ತು, ಮುರಿಯುವ ಮೊದಲು ಏನಾದರೂ ಶಬ್ದ ಬಂದಿತ್ತಾ ಅಂತ ಮಕ್ಕಳು ಕೇಳುತ್ತಾರೆ, ಅವರಿಗೆ ಐದು ನಿಮಿಷ ಕೊಟ್ಟು ಹೇಳಿ.